ಅವ್ವನ ಮನೆಯ ಮಾತು ಹೊರಗೆ ಹೋಗುತ್ತಿದೆ, ಕದ್ದಾಲಿಕೆ ಸಾಧನ ಹುಡುಕುವುದು ಹೇಗೆ?

ತೊಗರಿ ಹೊಲ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಇದನ್ನು ಬರೆಯಬೇಕೋ ಬೇಡವೋ ಅಂತ ಎರಡು ವಾರ ಯೋಚಿಸಿದೆ. ಇವತ್ತು ಊಟಕ್ಕೆ ಕೂತಾಗ ಅವ್ವ ಅತ್ತಳು, ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪ ತೀರಿಕೊಂಡು ಒಂದು ವರ್ಷ ಆಯಿತು. ಅವ್ವ ಬ್ರಹ್ಮಪುರದ ಹಳೆ ಮನೆಯಲ್ಲಿ ಒಬ್ಬಳೇ ಇದ್ದಾಳೆ. ನಾನು ಶಾಲೆ ಮುಗಿಸಿಕೊಂಡು ದಿನಾ ಸಂಜೆ ಹೋಗಿ ಬರುತ್ತೇನೆ. ಸೇಡಂ ಕಡೆಯ ಹೊಲದ ಪಾಲಿನ ವಿಷಯದಲ್ಲಿ ನೆಂಟರ ಜೊತೆ ವ್ಯಾಜ್ಯ ನಡೆದಿದೆ. ಹೋದ ತಿಂಗಳು ಪಡಸಾಲೆಯಲ್ಲಿ ನಾವಿಬ್ಬರೇ ಕೂತು, ಎಕರೆಗೆ ಎಷ್ಟಕ್ಕಿಂತ ಕೆಳಗೆ ಇಳಿಯಬಾರದು ಅಂತ ಒಂದು ಅಂಕಿ ಮಾತಾಡಿಕೊಂಡೆವು. ಫೋನಿನಲ್ಲಿ ಯಾರಿಗೂ ಹೇಳಿಲ್ಲ. ವಕೀಲರಿಗೂ ಇನ್ನೂ ಹೇಳಿರಲಿಲ್ಲ. ಎರಡೇ ದಿನಕ್ಕೆ ಆ ಕಡೆಯವರು ಅದೇ ಅಂಕಿ ಹಿಡಿದುಕೊಂಡು ಬಂದರು. ಸಾವಿರ ರೂಪಾಯಿ ಕೂಡ ಆಚೀಚೆ ಇಲ್ಲ. ಆಮೇಲೆ ಅವ್ವನ ಕಣ್ಣಿನ ಆಪರೇಷನ್ ದಿನ ಕೂಡ ಅವರಿಗೆ ಮೊದಲೇ ಗೊತ್ತಿತ್ತು.

ಈಗ ಅವ್ವ "ನಾನೇ ಎಲ್ಲೋ ಬಾಯಿ ಬಿಟ್ಟಿರಬೇಕು, ನನಗೆ ಮರೆವು ಬಂದಿದೆ" ಅನ್ನುತ್ತಿದ್ದಾಳೆ. ಅವಳಿಗೆ ಮರೆವು ಬಂದಿಲ್ಲ. ಅದು ನನಗೆ ಗೊತ್ತು.

ಮನೆ ದಪ್ಪ ಕಲ್ಲಿನ ಗೋಡೆಯದು, ಗೋಡೆಯಲ್ಲಿ ಗೂಡುಗಳಿವೆ, ಕೆಳಗೆ ಶಹಾಬಾದಿ ಕಲ್ಲು. ಪಡಸಾಲೆಯಲ್ಲಿ ಟಿವಿ, ಕೇಬಲ್ ಡಬ್ಬಿ, ಕೂಲರ್, ಇನ್ವರ್ಟರ್ ಇವೆ. ವೈಫೈ ಇಲ್ಲ. ಆನ್‌ಲೈನ್‌ನಲ್ಲಿ 1,500 ರೂಪಾಯಿಗೆ ಬಗ್ ಡಿಟೆಕ್ಟರ್ (ಕದ್ದಾಲಿಕೆ ಸಾಧನ ಪತ್ತೆ ಮಾಡುವ ಯಂತ್ರ) ನೋಡಿದೆ. ತಗೊಳ್ಳಲಾ?

ರಿಪೇರಿ ಅಂಗಡಿ, ಸೂಪರ್ ಮಾರ್ಕೆಟ್

ಅಕ್ಕಾ, ಮೊದಲನೇ ಮಾತು. ಈ ಚರ್ಚೆ ಬಗ್ಗೆ ಆ ಪಡಸಾಲೆಯಲ್ಲಿ ಒಂದು ಶಬ್ದ ಕೂಡ ಆಡಬೇಡಿ. ಅವ್ವಾರಿಗೆ ಹೇಳುವುದಿದ್ದರೆ ಗುಡಿಗೆ ಕರೆದುಕೊಂಡು ಹೋಗಿ ಹೇಳಿ. ನಿಮಗೆ ಅನುಮಾನ ಬಂದಿದೆ ಅಂತ ಗೊತ್ತಾದರೆ, ಇಟ್ಟವರೇ ಬಂದು ಎತ್ತಿಕೊಂಡು ಹೋಗುತ್ತಾರೆ.

ಡಿಟೆಕ್ಟರ್ ಈಗಲೇ ಬೇಡ. ಇಪ್ಪತ್ತು ವರ್ಷದಿಂದ ಟಿವಿ, ಮೊಬೈಲ್ ರಿಪೇರಿ ಮಾಡುತ್ತಿದ್ದೇನೆ. ಆ ಕಡಿಮೆ ಬೆಲೆಯ ಡಿಟೆಕ್ಟರ್ ಪಕ್ಕದ ಮನೆ ವೈಫೈಗೂ ಕೂಗುತ್ತದೆ, ರಸ್ತೆಯಲ್ಲಿ ಹೋಗುವವನ ಮೊಬೈಲಿಗೂ ಕೂಗುತ್ತದೆ. ಸುಮ್ನೆ ರೆಕಾರ್ಡ್ ಮಾಡಿಕೊಳ್ಳುವ ಸಣ್ಣ ವಾಯ್ಸ್ ರೆಕಾರ್ಡರ್ ಇಟ್ಟಿದ್ದರೆ ಮಾತ್ರ ಕೂಗುವುದೇ ಇಲ್ಲ, ಯಾಕೆಂದರೆ ಅದು ಗಾಳಿಗೆ ಏನನ್ನೂ ಬಿಡುವುದಿಲ್ಲ.

ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಅದಕ್ಕೆ ಕರೆಂಟ್ ಎಲ್ಲಿಂದ? ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಸಾಧನದ ಬ್ಯಾಟರಿ ತಿಂಗಳುಗಟ್ಟಲೆ ಬರಲ್ಲ. ಮಾತು ಕಳಿಸುತ್ತಿದ್ದರೆ ಕೆಲವು ಗಂಟೆ, ಸುಮ್ನೆ ಕಾಯುತ್ತಿದ್ದರೆ ಕೆಲವು ದಿನ. ಹಾಗಾದರೆ ಯಾರೋ ಆಗಾಗ ಮನೆಗೆ ಬಂದು ಚಾರ್ಜ್ ಮಾಡಿ ಇಡುತ್ತಿರಬೇಕು. ಇಲ್ಲಾಂದ್ರೆ ಅದು ಮನೆ ಕರೆಂಟನ್ನೇ ಕುಡಿಯುತ್ತಿರಬೇಕು. ಆದ್ದರಿಂದ ಗೋಡೆ ಬಿಡಿ, ಪ್ಲಗ್ ನೋಡಿ. ಮೊಬೈಲ್ ಚಾರ್ಜರ್, ಎಕ್ಸ್‌ಟೆನ್ಶನ್ ಬೋರ್ಡ್, ನೈಟ್ ಲ್ಯಾಂಪ್, ಗೋಡೆ ಗಡಿಯಾರ, ಸ್ವಿಚ್ ಬೋರ್ಡಿನ ಒಳಗೆ, ಕೂಲರಿನ ಹಿಂದೆ. ಒಂದು ವರ್ಷದಲ್ಲಿ ಮನೆಗೆ ಹೊಸದಾಗಿ ಬಂದ ಎಲ್ಲ ವಸ್ತುವನ್ನೂ ಚೀಟಿಯಲ್ಲಿ ಬರೆಯಿರಿ. ಯಾರು ತಂದರು ಅಂತಲೂ ಬರೆಯಿರಿ.

ಬಿಸಿಲ ನಾಡು

ಡಿಟೆಕ್ಟರ್ ಬೇಡ ಅಂದರೆ ಫೋನಿಗೇ ಆ್ಯಪ್ ಸಿಗುತ್ತದೆ, ಉಚಿತ. ನಾನು ಹಾಕಿಕೊಂಡು ನೋಡಿದೆ. ನಮ್ಮ ಮನೆಯ ಒಂದು ಗೋಡೆಗೆ ಹಿಡಿದರೆ ಸಾಕು, ಕೆಂಪು ತೋರಿಸಿ ಬಡಿದುಕೊಳ್ಳುತ್ತದೆ. ರಾತ್ರಿ ನಿದ್ದೆ ಬರಲಿಲ್ಲ.

ಕೋಟೆ ದಾರಿ, ಬೀದರ್

ಆ ಆ್ಯಪ್ ಫೋನಿನೊಳಗಿನ ದಿಕ್ಸೂಚಿಯನ್ನು ಬಳಸುತ್ತದೆ. ಅದು ಅಳೆಯುವುದು ಅಯಸ್ಕಾಂತದ ಬಲ, ಮೈಕ್ ಅಲ್ಲ. ನಿಮ್ಮ ಗೋಡೆಯ ಪಿಲ್ಲರ್‌ನಲ್ಲಿ ಕಬ್ಬಿಣದ ರಾಡ್ ಇದೆ, ಅದಕ್ಕೇ ಕೂಗಿದೆ. ಫ್ಯಾನ್ ಮೋಟಾರು, ಸ್ಪೀಕರ್, ಕೂಲರ್ ಎಲ್ಲದಕ್ಕೂ ಕೂಗುತ್ತದೆ. ನೆಮ್ಮದಿಯಾಗಿ ಮಲಗಿ.

ತೊಗರಿ ಹೊಲ ಅಕ್ಕಾ, ನಾನು ಟೆಲಿಕಾಂ ಕೆಲಸದಲ್ಲಿರುವವನು. ವೈಫೈ ಇಲ್ಲ, ಆದರೂ ಎರಡೇ ದಿನದಲ್ಲಿ ಸುದ್ದಿ ಹೋಗಿದೆ ಅಂದರೆ ಹೆಚ್ಚಾಗಿ ಅದು ಸಿಮ್ ಹಾಕುವ ಸಾಧನ ಇರಬಹುದು. ಇದರ ಕೆಲಸ ಸುಲಭ. ಇಟ್ಟವನು ಆ ಸಿಮ್ಮಿಗೆ ಫೋನ್ ಮಾಡಿದರೆ ರಿಂಗ್ ಆಗದೆ ತಾನೇ ಎತ್ತಿಕೊಳ್ಳುತ್ತದೆ, ಕೋಣೆಯ ಮಾತು ಕೇಳಿಸುತ್ತದೆ. ಕೆಲವು ಇನ್ನೂ ಮುಂದೆ ಹೋಗಿವೆ. ಕೋಣೆಯಲ್ಲಿ ಯಾರಾದರೂ ಮಾತಾಡಲು ಶುರು ಮಾಡಿದರೆ ತಾವೇ ಮಾಲೀಕನಿಗೆ ಕರೆ ಮಾಡುತ್ತವೆ. ಕಡಿಮೆ ಬೆಲೆಯವು ಬಹಳಷ್ಟು 2ಜಿಯಲ್ಲೇ ಓಡುತ್ತವೆ.

ಈ 2ಜಿಗೆ ಒಂದು ಗುಣ ಇದೆ. ಅದು ಒಂದೇ ಸಮನೆ ಅಲೆ ಬಿಡುವುದಿಲ್ಲ, ಸೆಕೆಂಡಿಗೆ ಸುಮಾರು 217 ಸಲ ತುಂಡು ತುಂಡಾಗಿ ಬಿಡುತ್ತದೆ. ಹಿಂದೆ ಮೊಬೈಲ್ ರಿಂಗ್ ಆಗುವ ಮೊದಲು ಟಿವಿ ಸ್ಪೀಕರ್‌ನಲ್ಲಿ "ಟಟ್ಟರ ಟಟ್ಟರ ಟಟ್ಟರ" ಅಂತ ಬರುತ್ತಿತ್ತಲ್ಲ, ಅದೇ ಇದು. ಮನೆಯಲ್ಲಿ ಹಳೆ ರೇಡಿಯೋ ಇದ್ದರೆ ಮೀಡಿಯಂ ವೇವ್‌ಗೆ ಹಾಕಿ, ಯಾವ ಸ್ಟೇಷನ್ನೂ ಇಲ್ಲದ ಕಡೆ ಮುಳ್ಳು ನಿಲ್ಲಿಸಿ. ಎಲ್ಲರ ಮೊಬೈಲನ್ನೂ ದೂರ ಇಟ್ಟು ಬನ್ನಿ. ರೇಡಿಯೋ ಹಿಡಿದು ವಸ್ತುಗಳ ಹತ್ತಿರ ಮೆಲ್ಲಗೆ ಓಡಾಡಿ. ಸಾಧನ 4ಜಿಯದ್ದಾದರೆ ಈ ಶಬ್ದ ಹೀಗೆ ಸ್ಪಷ್ಟವಾಗಿ ಬರಲ್ಲ. ಹಾಗಾಗಿ ರೇಡಿಯೋ ಸುಮ್ಮನಿತ್ತು ಅಂದರೆ ಮನೆ ಶುದ್ಧ ಅಂತ ಅರ್ಥವಲ್ಲ. ಎಫ್‌ಎಂನಲ್ಲಿ ಮಾತು ಬಿಡುವ ಹಳೆ ಮಾದರಿಯವೂ ಇವೆ. 88ರಿಂದ 108ರವರೆಗೆ ಮುಳ್ಳನ್ನು ನಿಧಾನವಾಗಿ ತಿರುಗಿಸಿ, ನಿಮ್ಮದೇ ದನಿ ಕೇಳಿಸಿದರೆ ಅಥವಾ ಕೀ ಅಂತ ಕಿರುಚಿದರೆ ಅಲ್ಲೇ ನಿಲ್ಲಿ.

ರಿಪೇರಿ ಅಣ್ಣಾರು ಯಾರು ತಂದರು ಅಂತ ಬರೆಯಿರಿ ಅಂದರಲ್ಲ, ಅದು ಬಹಳ ಮುಖ್ಯ. 1945ರಲ್ಲಿ ಸೋವಿಯತ್ ಶಾಲಾ ಮಕ್ಕಳು ಮಾಸ್ಕೋದ ಅಮೆರಿಕನ್ ರಾಯಭಾರಿಗೆ ಮರದಲ್ಲಿ ಕೆತ್ತಿದ ಅಮೆರಿಕದ ಲಾಂಛನ ಕೊಟ್ಟರು. ಅವರು ಅದನ್ನು ಮನೆಯ ಗೋಡೆಗೆ ತೂಗು ಹಾಕಿಕೊಂಡರು. ಒಳಗಿದ್ದ ಸಾಧನಕ್ಕೆ ಬ್ಯಾಟರಿಯೇ ಇರಲಿಲ್ಲ, ಹೊರಗಿನಿಂದ ರೇಡಿಯೋ ಅಲೆ ಬಿಟ್ಟಾಗ ಮಾತ್ರ ಜೀವ ಬರುತ್ತಿತ್ತು. ಪತ್ತೆಯಾಗಿದ್ದು 1952ರಲ್ಲಿ. ಅಂಥ ಸಾಧನ ಬ್ರಹ್ಮಪುರಕ್ಕೆ ಬರಲ್ಲ ಬಿಡಿ. ಆದರೆ ಅದು ಮನೆಯೊಳಗೆ ಬಂದ ದಾರಿ ನೋಡಿ, ಯಾರೂ ಬಾಗಿಲು ಮುರಿಯಲಿಲ್ಲ.

ಭೀಮಾ ತೀರ, ಯಾದಗಿರಿ

ಅಕ್ಕಾ, ಗೋಡೆ, ಪ್ಲಗ್ ನೋಡುವ ಮೊದಲು ಅವ್ವಾರ ಫೋನ್ ನೋಡಿ. ನನ್ನ ತಂಗಿಯ ಮನೆಯಲ್ಲಿ ಹೀಗೇ ಆಗಿತ್ತು. ನಾವು ಫ್ಯಾನ್ ಬಿಚ್ಚಿದೆವು, ಫೋಟೋ ಚೌಕಟ್ಟು ಬಿಚ್ಚಿದೆವು, ಏನೂ ಇಲ್ಲ. ಕೊನೆಗೆ ನೋಡಿದರೆ ಅವಳ ವಾಟ್ಸಾಪ್‌ನ ಲಿಂಕ್ಡ್ ಡಿವೈಸಸ್‌ನಲ್ಲಿ ಅವಳದಲ್ಲದ ಒಂದು ಕಂಪ್ಯೂಟರ್ ಇತ್ತು. ಫೋನಿನ ಕಾಲ್ ರೆಕಾರ್ಡಿಂಗ್‌ಗಳು ಅವಳದಲ್ಲದ ಗೂಗಲ್ ಖಾತೆಗೆ ತಾವಾಗಿ ಹೋಗಿ ಸೇರುತ್ತಿದ್ದವು. ಫೋನ್ ಸೆಟ್ ಮಾಡಿಕೊಟ್ಟವನೇ ಮಾಡಿದ್ದ.

ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ಖಾತೆ ಎಷ್ಟಿವೆ ನೋಡಿ. ಆಕ್ಸೆಸಿಬಿಲಿಟಿಯಲ್ಲಿ ಯಾವ ಆ್ಯಪ್‌ಗೆ ಅನುಮತಿ ಇದೆ ನೋಡಿ, ಡಿವೈಸ್ ಅಡ್ಮಿನ್ ಪಟ್ಟಿ ನೋಡಿ. ಆಂಡ್ರಾಯ್ಡ್ 12 ಅಥವಾ ಅದಕ್ಕಿಂತ ಹೊಸದಾಗಿದ್ದರೆ ಮೈಕ್ ಓಡುತ್ತಿರುವಾಗ ಪರದೆಯ ಮೇಲ್ತುದಿಯಲ್ಲಿ ಸಣ್ಣ ಹಸಿರು ಗುರುತು ಬರುತ್ತದೆ. ಕಾಲ್ ಫಾರ್ವರ್ಡಿಂಗ್ ಕೂಡ ನೋಡಿ.

ಆದರೆ ಒಂದು ಮಾತು. ಇಟ್ಟವರು ಹೊಡೆಯುವ ಬಡಿಯುವ ಜನ ಆಗಿದ್ದರೆ ಸಿಕ್ಕ ತಕ್ಷಣ ತೆಗೆಯಬೇಡಿ. ತೆಗೆದದ್ದು ಅವರಿಗೆ ಗೊತ್ತಾಗುತ್ತದೆ. ಮೊದಲು ಬೇರೆಯವರ ಫೋನಿನಿಂದ ಮಹಿಳಾ ಸಹಾಯವಾಣಿ 181ಕ್ಕೋ ತುರ್ತು ನಂಬರ್ 112ಕ್ಕೋ ಮಾತಾಡಿ. ನನ್ನ ತಂಗಿ ಆತುರ ಮಾಡಿ ಒಂದು ರಾತ್ರಿ ಭಾಳ ಕಷ್ಟಪಟ್ಟಳು. ಅದಕ್ಕೇ ಹೇಳುತ್ತಿದ್ದೇನೆ.

ಗಂಜ್ ಹುಡುಗ

ಇಷ್ಟೆಲ್ಲಾ ಯಾಕೆ, ಮೊಬೈಲ್ ಸಿಗ್ನಲ್ ತಡೆಯುವ ಒಂದು ಜಾಮರ್ ತಂದು ಇಟ್ಟರೆ ಮುಗಿಯಿತು ಅಲ್ವಾ? ಹೈದರಾಬಾದಿನಲ್ಲಿ ಸಿಗುತ್ತದೆ ಅಂತಾರೆ.

ಕೋಟೆ ದಾರಿ, ಬೀದರ್

ಬೇಡ ತಮ್ಮಾ. ನಮ್ಮ ದೇಶದಲ್ಲಿ ಖಾಸಗಿಯವರು ಜಾಮರ್ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ. ಪಕ್ಕದ ಮನೆಯಲ್ಲಿ ಯಾರಿಗೋ ಎದೆನೋವು ಬಂದು ಆಂಬ್ಯುಲೆನ್ಸ್‌ಗೆ ಫೋನ್ ಹೋಗದಿದ್ದರೆ? ರೆಕಾರ್ಡರ್ ಇದ್ದರೆ ಜಾಮರ್ ಅದನ್ನು ತಡೆಯುವುದೂ ಇಲ್ಲ.

ತೊಗರಿ ಹೊಲ, ಕಲಬುರಗಿ

ಎಲ್ಲರಿಗೂ ಶರಣು. ಅವ್ವನನ್ನು ಶರಣಬಸವೇಶ್ವರ ಗುಡಿಗೆ ಕರೆದುಕೊಂಡು ಹೋಗಿ, ಆವರಣದಲ್ಲಿ ಕೂರಿಸಿಕೊಂಡು ಎಲ್ಲ ಹೇಳಿದೆ. ಮೊದಲು ನಂಬಲಿಲ್ಲ. ಆಮೇಲೆ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡು "ಹಾಗಾದರೆ ನನಗೆ ಮರೆವು ಬಂದಿಲ್ಲ?" ಅಂತ ಕೇಳಿದಳು.

ಫೋನ್ ನೋಡಿದೆ, ಅದರಲ್ಲಿ ಏನೂ ಸಿಗಲಿಲ್ಲ. ರಾತ್ರಿ ಅಪ್ಪನ ರೇಡಿಯೋ ತೆಗೆದೆ. ದಿನಾ ಬೆಳಿಗ್ಗೆ ಕಲಬುರಗಿ ಆಕಾಶವಾಣಿ ಕೇಳುತ್ತಿದ್ದ ರೇಡಿಯೋ ಅದು, ಒಂದು ವರ್ಷದಿಂದ ಕಪಾಟಿನಲ್ಲೇ ಇತ್ತು. ಪಡಸಾಲೆಯಲ್ಲಿ ಹಾಕಿದ ಕೂಡಲೇ ಜೋರಾಗಿ "ಗುರ್ರ್" ಅಂದಿತು. ಎಲ್ಲಿ ಹಿಡಿದರೂ ಅದೇ ಶಬ್ದ. ನನ್ನ ಕೈ ನಡುಗಿತು. ಇದೇನಾ ಅದು?

ರಿಪೇರಿ ಅಂಗಡಿ, ಸೂಪರ್ ಮಾರ್ಕೆಟ್

ಅಲ್ಲ ಅಕ್ಕಾ, ಹೆದರಬೇಡಿ. ಒಂದೇ ಸಮ ಗುರ್ರ್ ಅನ್ನುವುದು ಎಲ್ಇಡಿ ಬಲ್ಬು, ಇನ್ವರ್ಟರ್, ಕೇಬಲ್ ಡಬ್ಬಿಯ ಅಡಾಪ್ಟರ್. ನಮಗೆ ಬೇಕಿರುವುದು ತುಂಡು ತುಂಡು ಟಟ್ಟರ ಟಟ್ಟರ. ಹಗಲು ಹೊತ್ತಿನಲ್ಲಿ ಮಾಡಿ. ಬಲ್ಬುಗಳನ್ನು, ಇನ್ವರ್ಟರನ್ನು, ಟಿವಿಯನ್ನು ಆರಿಸಿ. ಪ್ಲಗ್ಗಿನಲ್ಲಿರುವ ಬೇರೆ ಏನನ್ನೂ ಕೀಳಬೇಡಿ.

ಇನ್ನೊಂದು ಉಪಾಯ ಹೇಳುತ್ತೇನೆ. ಹತ್ತು ನಿಮಿಷ ಇಬ್ಬರೂ ತುಟಿ ಬಿಚ್ಚದೆ ಕೂತುಕೊಳ್ಳಿ. ರೇಡಿಯೋ ಕೇಳುತ್ತಾ ಇರಿ. ಆಮೇಲೆ ಒಮ್ಮೆಲೇ ಮಾತು ಶುರು ಮಾಡಿ, ಅಡುಗೆ ಮಾತೋ ಮದುವೆ ಮಾತೋ, ದಿನಾ ಆಡುವಂಥದ್ದು. ಮಾತು ಕೇಳಿ ಎಚ್ಚರವಾಗುವ ಸಾಧನ ಇದ್ದರೆ ಅರ್ಧ ಒಂದು ನಿಮಿಷದಲ್ಲಿ ಅದು ಕರೆ ಮಾಡಲು ಹೋಗುತ್ತದೆ. ಆಗ ರೇಡಿಯೋ ಹೇಳುತ್ತದೆ.

ಟಾರ್ಚ್ ಕೂಡ ಹಿಡಿದು ನೋಡಿ, ಅಡ್ಡವಾಗಿ, ಗೋಡೆಗೆ ಒರಗಿಸಿ. ನಮ್ಮೂರಿನ ಧೂಳು ನಿಮಗೆ ಗೊತ್ತೇ ಇದೆ. ಎರಡು ದಿನ ಒರೆಸದಿದ್ದರೆ ಬೆರಳಲ್ಲಿ ಹೆಸರು ಬರೆಯಬಹುದು. ಎಲ್ಲ ಕಡೆ ಧೂಳಿದ್ದು ಒಂದು ಕಡೆ ಮಾತ್ರ ಇಲ್ಲ ಅಂದರೆ ಅಲ್ಲಿ ಕೈ ಆಡಿದೆ. ಸ್ಕ್ರೂ ತಲೆಯ ಮೇಲೆ ಹೊಸ ಗೀರು, ಸ್ವಿಚ್ ಬೋರ್ಡಿನ ಸುತ್ತ ಬಣ್ಣ ಎದ್ದಿರುವುದು, ಬೇಡದ ಕಡೆ ಸೂಜಿ ತೂತು, ಇವನ್ನು ನೋಡಿ. ಎಂಥ ಮೈಕಿಗಾದರೂ ದನಿ ಒಳಗೆ ಹೋಗಲು ದಾರಿ ಬೇಕು.

ತೊಗರಿ ಹೊಲ, ಕಲಬುರಗಿ

ಸಿಕ್ಕಿತು ಅನಿಸುತ್ತದೆ. ಇದನ್ನು ನನ್ನ ಮನೆಯಿಂದ ಬರೆಯುತ್ತಿದ್ದೇನೆ.

ಭಾನುವಾರ ಮಧ್ಯಾಹ್ನ ಮೊಬೈಲುಗಳನ್ನು ಪಕ್ಕದ ಮನೆ ಕಾಕಿಯ ಹತ್ತಿರ ಕೊಟ್ಟು ಬಂದೆವು. ರಿಪೇರಿ ಅಣ್ಣಾರು ಹೇಳಿದ್ದನ್ನೆಲ್ಲ ಆರಿಸಿದೆವು, ಪ್ಲಗ್ ಯಾವುದನ್ನೂ ಕೀಳಲಿಲ್ಲ. ಬಿಸಿಲು, ಫ್ಯಾನ್ ಇಲ್ಲ, ಕೂಲರ್ ಇಲ್ಲ. ಅವ್ವ ಮಂಚದ ಮೇಲೆ ಕಣ್ಣು ಮುಚ್ಚಿ ಕೂತಿದ್ದಳು. ರೇಡಿಯೋದಲ್ಲಿ ಬರೀ ಸೊಂಯ್ ಅನ್ನುವ ಶಬ್ದ. ಹತ್ತು ನಿಮಿಷ ಆದ ಮೇಲೆ ನಾನು ಕಣ್ಸನ್ನೆ ಮಾಡಿದೆ. ಅವ್ವ ದನಿ ಎತ್ತಿ ಶುರು ಮಾಡಿದಳು: "ನಾಳೆ ಪುಂಡಿಪಲ್ಲೆ ಮಾಡಬೇಕು, ಜೋಳದ ಹಿಟ್ಟು ಮುಗಿದಿದೆ, ಗಿರಣಿಗೆ ಹೋಗಬೇಕು..." ಹಿಟ್ಟಿನ ಮಾತು ಮುಗಿದಿರಲಿಲ್ಲ, ರೇಡಿಯೋ "ಟಟ್ಟರ ಟಟ್ಟರ ಟಟ್ಟರ" ಅಂದಿತು. ಅವ್ವ ನನ್ನ ಮುಖ ನೋಡಿದಳು. ಮಾತು ಮಾತ್ರ ನಿಲ್ಲಿಸಲಿಲ್ಲ. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಬೆಳ್ಳುಳ್ಳಿ ಎಷ್ಟು ಎಸಳು ಹಾಕಬೇಕು ಅಂತ ಹೇಳುತ್ತಲೇ ಇದ್ದಳು.

ನಾನು ರೇಡಿಯೋ ಹಿಡಿದು ಸುತ್ತಿದೆ. ಟಿವಿ ಸ್ಟ್ಯಾಂಡಿನ ಹಿಂದೆ ಹೋದಾಗ ಶಬ್ದ ಕಿವಿಗೆ ಹೊಡೆಯುವಷ್ಟು ಜಾಸ್ತಿ ಆಯಿತು. ಅಲ್ಲಿರುವುದು ಬಿಳಿ ಎಕ್ಸ್‌ಟೆನ್ಶನ್ ಬೋರ್ಡ್. ನನ್ನ ಚೀಟಿಯಲ್ಲಿ ಅದು ಐದನೆಯದು. ದೀಪಾವಳಿಗೆ ಬಂದವರೊಬ್ಬರು "ನಿಮ್ಮ ಹಳೆ ಬೋರ್ಡ್ ಸುಟ್ಟು ಹೋಗುತ್ತದೆ" ಅಂತ ತಾವೇ ತಂದು ತಾವೇ ಜೋಡಿಸಿ ಹೋಗಿದ್ದರು.

ಅದೇ ಕಂಪನಿಯ ಅದೇ ಬೋರ್ಡ್ ಅಂಗಡಿಯಲ್ಲಿ ಕೊಂಡೆ. ಕಿರಾಣಿ ಅಂಗಡಿ ತಕ್ಕಡಿಯಲ್ಲಿ ಇಟ್ಟು ನೋಡಿದೆ, 310 ಗ್ರಾಂ. ಮನೆಯದನ್ನು ಬಿಚ್ಚಿ ತೂಗುವ ಧೈರ್ಯ ಬರಲಿಲ್ಲ. ಆದರೆ ಹೊಸದರ ಜೊತೆ ಹೋಲಿಸಿ ನೋಡಿದೆ. ಮನೆಯದರಲ್ಲಿ ಕೊನೆಯ ಸಾಕೆಟ್ಟಿನ ಪಕ್ಕ ಒಂದು ಸೂಜಿ ತೂತು ಇದೆ, ಹೊಸದರಲ್ಲಿ ಇಲ್ಲ. ಕೆಳಗಿನ ನಾಲ್ಕು ಸ್ಕ್ರೂಗಳಲ್ಲಿ ಎರಡರ ತಲೆ ಗೀರಿದೆ. ಹಿಂಗೈ ಮುಟ್ಟಿಸಿದರೆ ಆ ತುದಿ ಮಾತ್ರ ಬೆಚ್ಚಗಿದೆ. ಈಗ ಬಿಚ್ಚಲಾ?

ರಿಪೇರಿ ಅಂಗಡಿ, ಸೂಪರ್ ಮಾರ್ಕೆಟ್

ಬಿಚ್ಚಬೇಡಿ ಅಕ್ಕಾ. ಒಳಗೆ 230 ವೋಲ್ಟ್ ಇದೆ, ಶಾಕ್ ಹೊಡೆದರೆ ಪ್ರಾಣಕ್ಕೇ ಅಪಾಯ. ಮುಂದಿನದು ವಕೀಲರು ಹೇಳಲಿ.

ಕರಿ ಕೋಟು, ಕಲಬುರಗಿ

ನಾನು ಹೈಕೋರ್ಟಿನ ಕಲಬುರಗಿ ಪೀಠದಲ್ಲಿ ಕೆಲಸ ಮಾಡುತ್ತೇನೆ. ಬಿಚ್ಚಬೇಡಿ, ಸಿಮ್ ಮುಟ್ಟಬೇಡಿ, ಒರೆಸಬೇಡಿ. ಬೋರ್ಡ್ ಇರುವ ಜಾಗದಲ್ಲೇ ದೂರದಿಂದ, ಹತ್ತಿರದಿಂದ ಫೋಟೋ ತೆಗೆಯಿರಿ. ರೇಡಿಯೋ ಶಬ್ದದ ವಿಡಿಯೋ ಬೇಕು, ಅದಕ್ಕೆ ಏರೋಪ್ಲೇನ್ ಮೋಡ್‌ನಲ್ಲಿಟ್ಟ ಫೋನ್ ಬಳಸಿ. ದಿನಾಂಕ, ಹೊತ್ತು, ಯಾರಿದ್ದರು ಅಂತ ಕೈಬರಹದಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಆ ವಿಡಿಯೋವನ್ನು ಮುಂದೆ ಕೋರ್ಟಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಬೇಕಾಗುತ್ತದೆ, ಆದ್ದರಿಂದ ಮೂಲ ಫೋನನ್ನು ಅಳಿಸದೆ ಇಟ್ಟುಕೊಳ್ಳಿ.

ಕಾನೂನಿನ ಬಗ್ಗೆ ನೇರವಾಗಿ ಹೇಳುತ್ತೇನೆ. ಕ್ಯಾಮೆರಾ ಸಿಕ್ಕಿದ್ದರೆ ದಾರಿ ಸುಲಭ ಇತ್ತು. ಐಟಿ ಕಾಯ್ದೆ 2000ರ 66ಇ, ಭಾರತೀಯ ನ್ಯಾಯ ಸಂಹಿತೆಯ 77, ಎರಡೂ ಚಿತ್ರದ ಬಗ್ಗೆ ಸ್ಪಷ್ಟವಾಗಿವೆ. ಬರೀ ದನಿಗೆ ಅಷ್ಟು ನೇರವಾದ ಕಲಂ ಇಲ್ಲ. ಹಾಗಂತ ಸುಮ್ಮನಿರಬೇಕಿಲ್ಲ. ಯಾರು, ಯಾವ ನೆಪದಲ್ಲಿ ಮನೆಯೊಳಗೆ ಬಂದರು, ಸಿಮ್ ಯಾರ ಹೆಸರಲ್ಲಿದೆ, ವ್ಯಾಜ್ಯ ಏನು, ಎಲ್ಲವನ್ನೂ ದೂರಿನಲ್ಲಿ ಬರೆಯಿರಿ. ನ್ಯಾಯ ಸಂಹಿತೆಯ ಅತಿಕ್ರಮ ಪ್ರವೇಶದ ಕಲಂ 329ರಿಂದ ಹಿಡಿದು ಯಾವ ಕಲಂ ಕೂರುತ್ತದೆ ಅಂತ ಆಮೇಲೆ ನೋಡಬಹುದು. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 24 ಆಗಸ್ಟ್ 2017ರಂದು ಹೇಳಿದ್ದಾರೆ. ಆ ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಇನ್ನೊಂದು ಎಚ್ಚರ. ಕದ್ದು ಮಾಡಿದ ರೆಕಾರ್ಡಿಂಗ್ ಕೋರ್ಟಿನಲ್ಲಿ ನಡೆಯಲ್ಲ ಅಂತ ಅನೇಕರು ನಂಬಿದ್ದಾರೆ. ಅದು ತಪ್ಪು. ಪ್ರಕರಣಕ್ಕೆ ಸಂಬಂಧಪಟ್ಟದ್ದಾದರೆ, ಪಡೆದ ದಾರಿ ಸರಿಯಿಲ್ಲದಿದ್ದರೂ ಸಾಕ್ಷ್ಯ ತೆಗೆದುಕೊಳ್ಳಬಹುದು ಅಂತ 1972ರಲ್ಲೇ ಮಲ್ಕಾನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಿಮ್ಮ ಪಾಲಿನ ದಾವೆಯ ವಕೀಲರಿಗೆ ಇದನ್ನು ಇವತ್ತೇ ತಿಳಿಸಿ, ಆ ಮನೆಯಿಂದ ಅಲ್ಲ.

ಸಿಮ್ ಅಂದ ಕೂಡಲೇ ಒಂದು ನೆನಪಾಯಿತು. ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ಅವ್ವಾರ ಹೆಸರಲ್ಲಿ ಎಷ್ಟು ನಂಬರ್ ಇವೆ ನೋಡಿ.

ತೊಗರಿ ಹೊಲ, ಕಲಬುರಗಿ

ನೋಡಿದೆ. ಎರಡು ತೋರಿಸಿತು. ಅವ್ವನ ಹತ್ತಿರ ಇರುವುದು ಒಂದೇ.

ಅಪ್ಪನ ಕ್ರಿಯಾಕರ್ಮದ ಹೊತ್ತಿನಲ್ಲಿ ಮರಣ ಪ್ರಮಾಣಪತ್ರ, ಪಿಂಚಣಿ ಅಂತ ಅವ್ವನ ಆಧಾರ್ ಎಷ್ಟು ಜನರ ಕೈಗೆ ಹೋಯಿತೋ. ಹೆಬ್ಬೆಟ್ಟು ಕೇಳಿದ ಕಡೆಯೆಲ್ಲ ಒತ್ತಿದ್ದಾಳೆ. ಎರಡನೇ ನಂಬರನ್ನು "ನನ್ನದಲ್ಲ" ಅಂತ ಅಲ್ಲೇ ಒತ್ತಿಬಿಡಲಾ?

ಕರಿ ಕೋಟು, ಕಲಬುರಗಿ

ಈಗಲೇ ಒತ್ತಬೇಡಿ. ನಂಬರ್ ನಿಂತು ಹೋದರೆ ಇಟ್ಟವರಿಗೆ ಸುಳಿವು ಸಿಗುತ್ತದೆ. ಪರದೆಯ ಚಿತ್ರ ತೆಗೆದುಕೊಂಡು ನಾಳೆ ಬೆಳಿಗ್ಗೆ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಗೆ ಹೋಗಿ. ಯಾವ ಠಾಣೆಯ ವ್ಯಾಪ್ತಿ ಅಂತ ಯಾರಾದರೂ ತಕರಾರು ಮಾಡಿದರೆ ಝೀರೋ ಎಫ್‌ಐಆರ್ ಕೇಳಿ, ಅದು ನಿಮ್ಮ ಹಕ್ಕು. ದೂರಿನ ಪ್ರತಿ ಇಲ್ಲದೆ ಹೊರಗೆ ಬರಬೇಡಿ.

ಭೀಮಾ ತೀರ, ಯಾದಗಿರಿ

ಅಕ್ಕಾ, ನಾಳೆ ರಾತ್ರಿ ಅವ್ವಾರನ್ನು ಒಬ್ಬರನ್ನೇ ಬಿಡಬೇಡಿ. ನಿಮ್ಮ ಮನೆಗೆ ಕರೆದುಕೊಂಡು ಬನ್ನಿ. ಹೊರಗೆ ಕಾರಣ ಕಣ್ಣಿನ ಡ್ರಾಪ್ಸ್ ಹಾಕಲು ಅಂತ ಹೇಳಿ.

ತೊಗರಿ ಹೊಲ, ಕಲಬುರಗಿ

ಹತ್ತು ದಿನ ಆಯಿತು, ಕಾಯುತ್ತಿರುವವರಿಗೆ ಹೇಳಬೇಕು.

ಪೊಲೀಸರು ಬಂದು ಪಂಚನಾಮೆ ಮಾಡಿ ಬೋರ್ಡ್ ತೆಗೆದುಕೊಂಡು ಹೋದರು. ನಮ್ಮ ಮುಂದೆಯೇ ತೂಗಿದರು, 352 ಗ್ರಾಂ. ಹೊಸದಕ್ಕಿಂತ 42 ಗ್ರಾಂ ಜಾಸ್ತಿ. ಬಿಚ್ಚಿದಾಗ ಒಳಗೆ ಸಿಮ್ ಹಾಕಿದ ಸಣ್ಣ ಪೆಟ್ಟಿಗೆ ಇತ್ತು, ಬೋರ್ಡಿನ ತಂತಿಗೇ ಬೆಸುಗೆ ಹಾಕಿದ್ದರು. ನಾವು ದಿನಾ ಟಿವಿ ನೋಡಲು ಆ ಬೋರ್ಡಿನ ಸ್ವಿಚ್ ಹಾಕುತ್ತಿದ್ದೆವು. ಕರೆಂಟ್ ಹೋದರೆ ಇನ್ವರ್ಟರ್ ಕೊಡುತ್ತಿತ್ತು. ತನಿಖೆ ನಡೆದಿದೆ, ಅದರ ಬಗ್ಗೆ ಇನ್ನು ಇಲ್ಲಿ ಬರೆಯಬಾರದು ಅಂತ ವಕೀಲರು ಹೇಳಿದ್ದಾರೆ.

ಒಂದು ಸಿಕ್ಕಿತು ಅಂತ ನಿಲ್ಲಿಸಬೇಡಿ ಅಂತ ರಿಪೇರಿ ಅಣ್ಣಾರು ಫೋನ್ ಮಾಡಿ ಹೇಳಿದರು. ಅವರೇ ಅಂಗಡಿ ಮುಚ್ಚಿ ಬಂದು ಸ್ವಿಚ್ ಬೋರ್ಡುಗಳು, ಗೂಡುಗಳು, ಕೂಲರಿನ ಹುಲ್ಲಿನ ಪ್ಯಾಡ್ ಹಿಂದೆ, ಎಲ್ಲ ನೋಡಿ ಹೋದರು. ದುಡ್ಡು ಮುಟ್ಟಲಿಲ್ಲ, ಚಹಾ ಕುಡಿದರು ಅಷ್ಟೇ. ಬಾಗಿಲಿನ ಕೀಲಿ ಬದಲಾಯಿಸಿದೆವು. ಎರಡನೇ ಕೀಲಿ ಈಗ ಕಾಕಿಯ ಹತ್ತಿರ ಮಾತ್ರ ಇದೆ.

ಅಪ್ಪನ ರೇಡಿಯೋ ಮತ್ತೆ ಕಪಾಟಿಗೆ ಹೋಗಲಿಲ್ಲ, ಕಿಟಕಿಯ ಗೂಡಿನಲ್ಲಿ ಇದೆ. ಹೊಲದ ಮಾತು ಬಂದರೆ ಅವ್ವ ಇನ್ನೂ ಎದ್ದು ಅಂಗಳಕ್ಕೆ ಬರುತ್ತಾಳೆ. ಬೇವಿನ ಮರದ ಕೆಳಗೆ ನಿಂತು, ಸೆರಗು ಬಾಯಿಗೆ ಅಡ್ಡ ಹಿಡಿದು ಅಂಕಿ ಹೇಳುತ್ತಾಳೆ. ನಾನೂ ಜೊತೆಗೆ ಹೋಗಿ ನಿಲ್ಲುತ್ತೇನೆ.